ನೂರು ರೂಪಾಯಿ ನಾಣ್ಯಕ್ಕೆ ಮೂರೂವರೆ ಸಾವಿರ ಕೊಡಬಹುದೇ? ಬೆಳ್ಳಿ ನಾಣ್ಯ ಕೊಳ್ಳುವ ಮುನ್ನ ನಾನು ಹಾಕುವ ಲೆಕ್ಕ

ಹೊಸದೊಂದು ಸ್ಮರಣಾರ್ಥ ನಾಣ್ಯ ಬಿಡುಗಡೆಯಾಯಿತು ಅಂತ ಟಿವಿಯಲ್ಲಿ ಬಂದ ಮಾರನೆಯ ದಿನ ನನ್ನ ಫೋನಿಗೆ ಬರುವ ಪ್ರಶ್ನೆ ಒಂದೇ: ‘ಇದನ್ನ ತಗೊಳ್ಬಹುದಾ? ಮುಂದೆ ರೇಟು ಬರುತ್ತಾ?’ ನಾಣ್ಯ ಸಂಗ್ರಹಿಸುವ ಹುಚ್ಚು ನನಗಿದೆ ಎಂದು ನೆಂಟರಿಗೆಲ್ಲ ಗೊತ್ತು. ಹುಚ್ಚಿನ ಜತೆ ಲೆಕ್ಕವೂ ಇದೆ ಎಂಬುದು ಅಷ್ಟಾಗಿ ಗೊತ್ತಿಲ್ಲ. ಹಾಗೆ ಕೇಳಿದವರಿಗೆ ನಾನು ತಿರುಗಿ ಕೇಳುವುದೂ ಒಂದೇ ಪ್ರಶ್ನೆ. ಇವತ್ತು ಕೊಂಡದ್ದನ್ನು ನಾಳೆಯೇ ಮಾರಬೇಕಾಗಿ ಬಂದರೆ ಯಾರು ತಗೊಳ್ತಾರೆ, ಎಷ್ಟಕ್ಕೆ? ಇದಕ್ಕೆ ಉತ್ತರ ಸಿಗುವವರೆಗೂ ನಾನು ಪರ್ಸು ಬಿಚ್ಚುವುದಿಲ್ಲ.

ಮೊದಲು ನೋಡುವುದು ನಾಣ್ಯದಲ್ಲಿ ನಿಜಕ್ಕೂ ಬೆಳ್ಳಿ ಎಷ್ಟಿದೆ ಎಂಬುದನ್ನು. ಸರ್ಕಾರ ಒಂದು ನಾಣ್ಯ ಹೊರಡಿಸುವ ಮುನ್ನ ಗೆಜೆಟ್ ಅಧಿಸೂಚನೆ ಬರುತ್ತದೆ. ತೂಕ, ವ್ಯಾಸ, ಲೋಹದ ಪ್ರಮಾಣ ಎಲ್ಲವೂ ಅದರಲ್ಲೇ ಇರುತ್ತವೆ. ಪತ್ರಿಕೆಯವರು ‘ಬೆಳ್ಳಿ ನಾಣ್ಯ’ ಎಂದು ಬರೆದು ಮುಗಿಸುತ್ತಾರೆ, ಗೆಜೆಟ್ ಮಾತ್ರ ನಿಜ ಹೇಳುತ್ತದೆ. 2018ರ ವಾಜಪೇಯಿ ನಾಣ್ಯವಿರಲಿ, 2023ರ ಮೇ 28ರಂದು ಹೊಸ ಸಂಸತ್ ಭವನದ ಜತೆ ಬಿಡುಗಡೆಯಾದ 75 ರೂಪಾಯಿ ನಾಣ್ಯವಿರಲಿ, ಅದೇ ವರ್ಷದ ಎನ್.ಟಿ. ರಾಮರಾವ್ ನಾಣ್ಯವಿರಲಿ, ಲೋಹ ಒಂದೇ. ನೂರು ಭಾಗದಲ್ಲಿ ಬೆಳ್ಳಿ 50, ತಾಮ್ರ 40, ನಿಕಲ್ 5, ಸತು 5. ತೂಕ 35 ಗ್ರಾಂ, ವ್ಯಾಸ 44 ಮಿಲಿಮೀಟರ್. ಅಂಗೈ ತುಂಬುವಷ್ಟು ದೊಡ್ಡದು, ಹಿಡಿದರೆ ಭಾರ. ಆದರೆ ಒಳಗಿರುವ ಬೆಳ್ಳಿ ಹದಿನೇಳೂವರೆ ಗ್ರಾಂ.

ಈ ಮಿಶ್ರಲೋಹ ಹೊಸದೇನಲ್ಲ. 1939ರವರೆಗೆ ಬ್ರಿಟಿಷ್ ಇಂಡಿಯಾದ ರೂಪಾಯಿಯಲ್ಲಿ ಸುಮಾರು 91.7 ಭಾಗ ಬೆಳ್ಳಿ ಇತ್ತು. 11.66 ಗ್ರಾಂ ತೂಕದ ನಾಣ್ಯದಲ್ಲಿ ಹತ್ತೂಮುಕ್ಕಾಲು ಗ್ರಾಂಗೆ ಸ್ವಲ್ಪವೇ ಕಡಿಮೆ. ಯುದ್ಧ ಬಂತು, ಬೆಳ್ಳಿ ಸಾಲದೆ ಹೋಯಿತು. 1940ರಿಂದ ಆರನೇ ಜಾರ್ಜ್ ರೂಪಾಯಿಯನ್ನು ಅರ್ಧ ಬೆಳ್ಳಿಯಲ್ಲಿ ಮಾಡಿದರು, ಇದೇ 50–40–5–5ರ ಅಳತೆಯಲ್ಲಿ. ಯುದ್ಧಕಾಲದ ಉಳಿತಾಯಕ್ಕೆಂದು ಬಂದ ಲೋಹವನ್ನೇ ಇವತ್ತು ವೆಲ್ವೆಟ್ ಪೆಟ್ಟಿಗೆಯಲ್ಲಿಟ್ಟು ಮಾರುತ್ತಿದ್ದಾರೆ. ತಮಾಷೆಗೆ ಹೇಳಿದೆ, ಹಾಗೆಂದು ಅದು ಕೆಟ್ಟ ಲೋಹವಲ್ಲ. ಗಟ್ಟಿ, ಸವೆತ ಕಡಿಮೆ, ಅಚ್ಚು ಚೆನ್ನಾಗಿ ಕೂರುತ್ತದೆ.

ತೂಕ ನೋಡಿ ಮೋಸಹೋಗಬಾರದು ಎನ್ನುವುದಕ್ಕೆ ನಾನು ಯಾವಾಗಲೂ ಎರಡು ಹಳೆಯ ಹತ್ತು ರೂಪಾಯಿಗಳನ್ನು ಪಕ್ಕಪಕ್ಕ ಇಟ್ಟು ತೋರಿಸುತ್ತೇನೆ. ಒಂದು 1969ರ ಗಾಂಧಿ ಜನ್ಮಶತಾಬ್ದಿಯದು, 15 ಗ್ರಾಂ. ಇನ್ನೊಂದು 1972ರ ಸ್ವಾತಂತ್ರ್ಯ ರಜತ ಮಹೋತ್ಸವದ್ದು, ಇಪ್ಪತ್ತೆರಡೂವರೆ ಗ್ರಾಂ. ಯಾವುದು ಬೇಕು ಅಂದರೆ ಎಲ್ಲರ ಕೈಯೂ ದೊಡ್ಡದಕ್ಕೇ ಹೋಗುತ್ತದೆ. ಗಾಂಧಿ ನಾಣ್ಯ 80 ಭಾಗ ಬೆಳ್ಳಿ, ಅಂದರೆ 12 ಗ್ರಾಂ. 1972ರದ್ದು ಅರ್ಧ ಬೆಳ್ಳಿ, 11.25 ಗ್ರಾಂ. ಚಿಕ್ಕದರಲ್ಲೇ ಬೆಳ್ಳಿ ಜಾಸ್ತಿ! ಮುಂದೆ 1973ರಲ್ಲಿ 30 ಗ್ರಾಂನ ಇಪ್ಪತ್ತು ರೂಪಾಯಿ, 1974ರಿಂದ 35 ಗ್ರಾಂ ಆಸುಪಾಸಿನ ಐವತ್ತು ರೂಪಾಯಿ, ಎಂಬತ್ತರ ದಶಕದಲ್ಲಿ ಅದೇ ಗಾತ್ರದ ನೂರು ರೂಪಾಯಿ, ಎಲ್ಲವೂ ಅರ್ಧ ಬೆಳ್ಳಿಯವೇ. 2010ರ ತಂಜಾವೂರು ಬೃಹದೀಶ್ವರ ದೇವಾಲಯದ ಸಾವಿರ ರೂಪಾಯಿ ನಾಣ್ಯ ಮತ್ತೆ 80 ಭಾಗದ್ದು. 35 ಗ್ರಾಂನಲ್ಲಿ 28 ಗ್ರಾಂ ಬೆಳ್ಳಿ.

ಇನ್ನು ದುಡ್ಡಿನ ಲೆಕ್ಕ. ಸಂಸತ್ ಭವನದ ನಾಣ್ಯ ಬಂದಾಗ ಕಿಲೋ ಬೆಳ್ಳಿ 70 ಸಾವಿರ ಚಿಲ್ಲರೆ ಇತ್ತು. ಗ್ರಾಂಗೆ 72 ರೂಪಾಯಿ ಎಂದಿಟ್ಟುಕೊಳ್ಳಿ. ಹದಿನೇಳೂವರೆ ಗ್ರಾಂಗೆ 1,260 ರೂಪಾಯಿ. ಆಗ ಇಂಥದೊಂದು 35 ಗ್ರಾಂ ನಾಣ್ಯಕ್ಕೆ ನೀವು ಮೂರೂವರೆ ಸಾವಿರ ಕೊಟ್ಟಿದ್ದೀರಿ ಅಂದುಕೊಳ್ಳೋಣ. ಬೆಳ್ಳಿಗೆ ಹೋದದ್ದು ಸಾವಿರದ ಇನ್ನೂರ ಅರವತ್ತು, ಉಳಿದ ಎರಡು ಸಾವಿರದ ಚಿಲ್ಲರೆ ಅಚ್ಚು, ಪೆಟ್ಟಿಗೆ, ಪುಸ್ತಿಕೆ, ತೆರಿಗೆ ಮತ್ತು ‘ಸಂಗ್ರಹಯೋಗ್ಯ’ ಎಂಬ ಮಾತಿಗೆ. 2025ರ ಕೊನೆಯಲ್ಲಿ ಕಿಲೋ ಬೆಳ್ಳಿ ಎರಡು ಲಕ್ಷ ದಾಟಿದಾಗ ಅದೇ ಹದಿನೇಳೂವರೆ ಗ್ರಾಂ ಮೂರೂವರೆ ಸಾವಿರ ಮುಟ್ಟಿತು. ಆಗ ಒಬ್ಬರು ಫೋನ್ ಮಾಡಿ ‘ನೋಡಿ, ನೀವು ಬೇಡ ಅಂದಿದ್ರಿ, ನಾನು ತಗೊಂಡೆ, ಲಾಸ್ ಆಗ್ಲಿಲ್ಲ’ ಅಂದರು. ನಿಜ, ಲಾಸ್ ಆಗಲಿಲ್ಲ. ಅದೇ ಮೂರೂವರೆ ಸಾವಿರಕ್ಕೆ ಜಿಎಸ್‌ಟಿ ಕೊಟ್ಟು ಬರೀ ಗಟ್ಟಿ ಬೆಳ್ಳಿ ತೆಗೆದುಕೊಂಡಿದ್ದರೆ 47 ಗ್ರಾಂ ಬರುತ್ತಿತ್ತು, ಒಂಬತ್ತು ಸಾವಿರ ದಾಟುತ್ತಿತ್ತು. ಬೆಳ್ಳಿ ಏರಿದ ಲಾಭವನ್ನು ನಾಣ್ಯದ ಲೆಕ್ಕಕ್ಕೆ ಬರೆದುಕೊಳ್ಳುವುದು ಈ ಹವ್ಯಾಸದಲ್ಲಿ ಎಲ್ಲೆಲ್ಲೂ ಕಾಣುವ ಗೊಂದಲ. ಹಾಗಾಗಿ ನನ್ನ ಪುಸ್ತಕದಲ್ಲಿ ಪ್ರತಿ ನಾಣ್ಯದ ಎದುರು ಎರಡು ಕಾಲಂ ಇವೆ. ಕೊಟ್ಟ ಬೆಲೆ ಒಂದು, ಆ ದಿನ ಅದರೊಳಗಿನ ಬೆಳ್ಳಿಯ ಬೆಲೆ ಇನ್ನೊಂದು. ನಾಣ್ಯ ನನಗೆ ಏನಾದರೂ ಗಳಿಸಿಕೊಟ್ಟಿತೋ ಇಲ್ಲವೋ ಎನ್ನುವುದು ಮಾರುವ ದಿನಕ್ಕೆ ನಾಣ್ಯದ ಬೆಲೆಗೂ ಬೆಳ್ಳಿಯ ಬೆಲೆಗೂ ನಡುವಿನ ಈ ಅಂತರ ಹಿಗ್ಗಿತೋ ಕುಗ್ಗಿತೋ ಎಂಬುದರಲ್ಲಿದೆ.

ಈಚೆಗೆ ಟಂಕಸಾಲೆಗಳು ಚೊಕ್ಕ ಬೆಳ್ಳಿಯತ್ತ ಬಂದಿವೆ. 2024ರಲ್ಲಿ ರಿಸರ್ವ್ ಬ್ಯಾಂಕಿಗೆ ತೊಂಬತ್ತು ತುಂಬಿದಾಗ ಬಂದ 90 ರೂಪಾಯಿ ನಾಣ್ಯ 40 ಗ್ರಾಂ ಶುದ್ಧ ಬೆಳ್ಳಿಯದು. ಅದೇ ವರ್ಷ ಭಾರತೀಯ ಭದ್ರತಾ ಮುದ್ರಣ ಮತ್ತು ಟಂಕಸಾಲೆ ನಿಗಮ ಅಯೋಧ್ಯೆಯ ರಾಮಲಲ್ಲಾನ ಬಣ್ಣದ ಚಿತ್ರವಿರುವ 50 ಗ್ರಾಂ ಬೆಳ್ಳಿ ನಾಣ್ಯವನ್ನು 5,860 ರೂಪಾಯಿಗೆ ಮಾರಾಟಕ್ಕಿಟ್ಟಿತು. ಆಗ ಕಿಲೋ ಬೆಳ್ಳಿ 80 ಸಾವಿರದ ಮೇಲಿತ್ತು. ಒಳಗಿನ ಬೆಳ್ಳಿ ನಾಲ್ಕು ಸಾವಿರ ಚಿಲ್ಲರೆ, ಮೇಲಿನದು ಶೇಕಡಾ 40ರ ಹತ್ತಿರ. ಅರ್ಧ ಬೆಳ್ಳಿ ನಾಣ್ಯಗಳ ಮೇಲೆ ಬೀಳುವ ಹೊರೆಗೆ ಹೋಲಿಸಿದರೆ ಇದು ಎಷ್ಟೋ ವಾಸಿ. ನಾನು ಹಾಕಿಕೊಂಡಿರುವ ಗೆರೆ ಒಂದೂವರೆ ಪಟ್ಟು. ಒಳಗಿನ ಬೆಳ್ಳಿಯ ಒಂದೂವರೆ ಪಟ್ಟಿಗಿಂತ ಹೆಚ್ಚು ಕೇಳಿದರೆ ಆ ನಾಣ್ಯದಲ್ಲಿ ಬೆಳ್ಳಿಯಾಚೆಗೆ ಬೇರೆ ಕಾರಣ ಇರಬೇಕು.

‘ಹೋಗಲಿ, ಕರಗಿಸಿದರೆ ಬೆಳ್ಳಿಯಾದರೂ ಸಿಗುತ್ತಲ್ಲ’ ಎನ್ನುವವರಿದ್ದಾರೆ. ಸಿಗುವುದಿಲ್ಲ. ಸರ್ಕಾರದ ನಾಣ್ಯವನ್ನು ಕರಗಿಸುವುದು, ಹಾಳು ಮಾಡುವುದು 2011ರ ನಾಣ್ಯ ಕಾಯ್ದೆಯ ಪ್ರಕಾರ ಅಪರಾಧ. ಕಾನೂನು ಪಕ್ಕಕ್ಕಿರಲಿ, ಅರ್ಧ ಬೆಳ್ಳಿಯ ಸರಕನ್ನು ಕಂಡರೆ ಅಂಗಡಿಯವರಿಗೇ ಆಗದು. ಬೆಂಗಳೂರಿನ ಅವೆನ್ಯೂ ರಸ್ತೆಯ ರಾಜಾ ಮಾರ್ಕೆಟ್ಟಿನಲ್ಲಿ ನನಗೆ ಪರಿಚಯವಿರುವ ಬೆಳ್ಳಿ ವ್ಯಾಪಾರಿಯೊಬ್ಬರಿದ್ದಾರೆ. ಅವರ ಮುಂದೆ 1985ರ ಇಂದಿರಾ ಗಾಂಧಿ ನೂರು ರೂಪಾಯಿ ನಾಣ್ಯ ಇಟ್ಟೆ. ಕಲ್ಲಿಗೆ ಉಜ್ಜಲೂ ಇಲ್ಲ, ಬೆರಳಲ್ಲಿ ಎತ್ತಿ ನೋಡಿ ವಾಪಸ್ ತಳ್ಳಿದರು.

‘ಬೇಡ ಸಾರ್, ಇದು ನಮ್ ಐಟಮ್ಮಲ್ಲ.’

‘ಯಾಕೆ ಸ್ವಾಮಿ, ಬೆಳ್ಳಿ ಅಲ್ವಾ?’

‘ಬೆಳ್ಳೀನೇ. ಆದ್ರೆ ಅರ್ಧ ತಾಮ್ರ ಐತಲ್ಲ ಸಾರ್. ಇದನ್ನ ಶುದ್ಧ ಮಾಡ್ಸೋ ಖರ್ಚು ಯಾರು ಕೊಡ್ತಾರೆ? ಅದೂ ಗೌರ್ಮೆಂಟ್ ಕಾಯಿನ್ನು. ಕಾಯಿನ್ ಡೀಲರ್ ಹತ್ರ ಹೋಗಿ, ಅವ್ರು ಕೊಟ್ರೆ ಕೊಡ್ಬೋದು.’

ಹೀಗೆ ಅರ್ಧ ಬೆಳ್ಳಿ ನಾಣ್ಯಕ್ಕೆ ಇರುವ ಗಿರಾಕಿ ಒಬ್ಬನೇ: ನಿಮ್ಮಂಥ ಇನ್ನೊಬ್ಬ ಸಂಗ್ರಾಹಕ. ಅವನಿಗೂ ನಿಮಗೂ ನಡುವೆ ಡೀಲರ್. ಕೆ.ಜಿ. ರಸ್ತೆಯ ಶಿಕ್ಷಕರ ಸದನದಲ್ಲಿ ನಾಣ್ಯ ಮೇಳ ನಡೆದಾಗ ನಾನು ಮಾಡುವ ಕೆಲಸವೇ ಇದು. ಬೇಕಾದ ನಾಣ್ಯವನ್ನು ಒಂದು ಟೇಬಲ್ಲಿನಲ್ಲಿ ‘ಎಷ್ಟು?’ ಎಂದು ಕೇಳುತ್ತೇನೆ. ನಾಲ್ಕು ಟೇಬಲ್ ಆಚೆ ಹೋಗಿ ‘ಇಂಥದು ನನ್ನ ಹತ್ತಿರ ಇದೆ, ನೀವು ಎಷ್ಟಕ್ಕೆ ತಗೋತೀರಿ?’ ಎಂದು ಕೇಳುತ್ತೇನೆ. ಮಾರುವ ಬೆಲೆಗೂ ಕೊಳ್ಳುವ ಬೆಲೆಗೂ ಅಂತರ ಸಣ್ಣದಿದ್ದರೆ ಆ ನಾಣ್ಯಕ್ಕೆ ನಿಜವಾದ ಬೇಡಿಕೆ ಇದೆ ಎಂದರ್ಥ. ‘ನಮ್ಮ ಹತ್ರಾನೇ ಬೇಕಾದಷ್ಟು ಬಿದ್ದಿದೆ ಸಾರ್’ ಅಂತ ಉತ್ತರ ಬಂದರೆ ಅದಕ್ಕಿಂತ ಸ್ಪಷ್ಟವಾದ ಮಾಹಿತಿ ಇನ್ನಾವ ಕ್ಯಾಟಲಾಗಿನಲ್ಲೂ ಇಲ್ಲ. ಕ್ಯಾಟಲಾಗ್ ಬೆಲೆ, ಆನ್‌ಲೈನಿನಲ್ಲಿ ಹಾಕಿಟ್ಟ ಬೆಲೆ ಇವೆಲ್ಲ ಮಾರುವವನ ಆಸೆ ಅಷ್ಟೆ. ಹರಾಜಿನಲ್ಲಿ ಸುತ್ತಿಗೆ ಬಿದ್ದ ಬೆಲೆ ಬೇಕಾದರೆ ನೋಡಿ, ಅದನ್ನು ಯಾರೋ ಒಬ್ಬರು ಕೊಟ್ಟಿರುತ್ತಾರೆ.

ಅಪರೂಪ ಎನ್ನುವುದನ್ನೂ ಹೀಗೇ ಅಳೆಯಬೇಕು. ಗಾಂಧಿ ಹತ್ತು ರೂಪಾಯಿಯನ್ನು ಲಕ್ಷಗಟ್ಟಲೆ ಟಂಕಿಸಿದ್ದರು. ಜನ ಬೆಳ್ಳಿ ಎಂದು ಕೂಡಿಟ್ಟರು. ಇವತ್ತಿಗೂ ಹಳೆಯ ಮನೆಗಳ ಕಬ್ಬಿಣದ ಪೆಟ್ಟಿಗೆಯಿಂದ ಹೊರಬರುತ್ತಲೇ ಇವೆ. ಆದ್ದರಿಂದ ಅದರ ಬೆಲೆ ಬೆಳ್ಳಿಯ ಬೆನ್ನು ಬಿಟ್ಟು ದೂರ ಹೋಗುವುದಿಲ್ಲ, ಮಾರಲು ಕಷ್ಟವೂ ಇಲ್ಲ. ಹೊಸಬರಿಗೆ ನಾನು ಮೊದಲು ಹೇಳುವುದು ಇದನ್ನೇ. ಈಗಿನ ನಾಣ್ಯಗಳ ಕಥೆ ಬೇರೆ. ಇವು ಚಲಾವಣೆಗೆ ಬರುವುದಿಲ್ಲ. ಟಂಕಸಾಲೆ ಬುಕ್ಕಿಂಗ್ ತೆರೆಯುತ್ತದೆ, ಕಾಯ್ದಿರಿಸಿದವರಿಗೆ ಮಾಡಿ ಕಳುಹಿಸುತ್ತದೆ. ಬೇಡಿಕೆ ಇದ್ದರೆ ಹಳೆಯ ವಿಷಯದ ನಾಣ್ಯಕ್ಕೆ ಮತ್ತೆ ಬುಕ್ಕಿಂಗ್ ತೆರೆಯುವುದೂ ಉಂಟು. ಹಾಗೆ ಮತ್ತೆ ತೆರೆದಾಗ, ಹೊರಗೆ ಎರಡು ಪಟ್ಟು ಕೊಟ್ಟು ಕೊಂಡವನ ಮುಖ ನೋಡಲಾಗುವುದಿಲ್ಲ. ‘ಲಿಮಿಟೆಡ್’ ಎಂಬ ಮಾತನ್ನು ಸಂಖ್ಯೆ ಮುದ್ರಿಸಿ ಕೊಡದ ಹೊರತು ನಾನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ.

ವಿಷಯವೂ ಬೆಲೆಯನ್ನು ಎತ್ತುತ್ತದೆ. ಯಾವುದೋ ಇಲಾಖೆಯ ವಜ್ರ ಮಹೋತ್ಸವಕ್ಕೆ ಬಂದ ನಾಣ್ಯವನ್ನು ಆ ಇಲಾಖೆಯವರು ಬಿಟ್ಟರೆ ಇಪ್ಪತ್ತು ವರ್ಷದ ನಂತರ ಕೇಳುವವರಿಲ್ಲ. ದೇವರು, ಗುರು, ರಾಜ, ಜನನಾಯಕ ಎಂದಾದರೆ ಸಂಗ್ರಾಹಕರಲ್ಲದವರೂ ಕೇಳಿಕೊಂಡು ಬರುತ್ತಾರೆ. 2006ರ ಬಸವೇಶ್ವರ ನಾಣ್ಯ ಇದಕ್ಕೆ ನಮ್ಮದೇ ಉದಾಹರಣೆ. ಐದು ರೂಪಾಯಿಯದು ಚಲಾವಣೆಗೂ ಬಂದು ಬಸ್ ಕಂಡಕ್ಟರ ಚೀಲದಲ್ಲೆಲ್ಲ ಓಡಾಡಿತು. ನೂರು ರೂಪಾಯಿಯ ಬೆಳ್ಳಿಯದು ಸಂಗ್ರಾಹಕರಿಗೆ ಮಾತ್ರ. ಕರ್ನಾಟಕದಲ್ಲಿ ಅದನ್ನು ಕೇಳುವವರು ಸದಾ ಇದ್ದಾರೆ, ಉತ್ತರದ ಡೀಲರುಗಳಿಗೆ ಅದು ಮಾಮೂಲಿ ಸರಕು. ನನ್ನದು ಬಂದದ್ದು ಕೋಲ್ಕತ್ತಾದ ವ್ಯಾಪಾರಿಯೊಬ್ಬರಿಂದ, ಬೆಂಗಳೂರಿನ ಮೇಳದ ಬೆಲೆಗಿಂತ ಚೆನ್ನಾಗಿಯೇ ಕಡಿಮೆಗೆ. ಎನ್‌ಟಿಆರ್ ನಾಣ್ಯಕ್ಕೆ ಹೈದರಾಬಾದಿನಲ್ಲಿ, 2024ರ ಕರುಣಾನಿಧಿ ನಾಣ್ಯಕ್ಕೆ ಚೆನ್ನೈನಲ್ಲಿ ಇದೇ ನಡೆಯುತ್ತದೆ. ಎಲ್ಲಿ ಅಭಿಮಾನವಿಲ್ಲವೋ ಅಲ್ಲಿ ಕೊಳ್ಳಬೇಕು, ಎಲ್ಲಿದೆಯೋ ಅಲ್ಲಿ ಮಾರಬೇಕು.

ಪ್ರೂಫ್ ಮತ್ತು ಯುಎನ್‌ಸಿ ಎಂದು ಎರಡು ಬಗೆ ಬರುತ್ತವೆ. ಎರಡನೆಯದು ಮಾಮೂಲಿ ಅಚ್ಚಿನದು, ಚಲಾವಣೆಗೆ ಹೋಗದ ಹೊಸ ನಾಣ್ಯ. ಪ್ರೂಫ್ ನಾಣ್ಯಕ್ಕೆ ಮೆರುಗು ಕೊಟ್ಟ ಅಚ್ಚು ಬಳಸುತ್ತಾರೆ. ಬಯಲು ಕನ್ನಡಿಯಂತೆ ಹೊಳೆಯುತ್ತದೆ, ಚಿತ್ರ ಮಂಜು ಹಿಡಿದಂತೆ ಬೆಳ್ಳಗೆ ಕಾಣುತ್ತದೆ. ಬೆಳ್ಳಿ ಎರಡರಲ್ಲೂ ಅಷ್ಟೇ. ಬೆಲೆಯ ವ್ಯತ್ಯಾಸ ಸಣ್ಣದಿದ್ದರೆ ನಾನು ಪ್ರೂಫ್ ತೆಗೆದುಕೊಳ್ಳುತ್ತೇನೆ, ಮುಂದೆ ಕೇಳುವವರು ಅದನ್ನೇ ಕೇಳುತ್ತಾರೆ. ಆದರೆ ಪೆಟ್ಟಿಗೆ, ಪುಸ್ತಿಕೆ, ನಾಣ್ಯ ಮುಚ್ಚುವ ಪ್ಲಾಸ್ಟಿಕ್ ಕ್ಯಾಪ್ಸೂಲ್ ಸಮೇತ ಇರಬೇಕು. ಬೆರಳಚ್ಚು ಬಿದ್ದ ಪ್ರೂಫ್ ಯುಎನ್‌ಸಿಗಿಂತ ಕಡೆ.

ಹಳೆಯದನ್ನು ಬಿಡಿಯಾಗಿ ಕೊಳ್ಳುವಾಗ ಅಸಲಿಯೋ ನಕಲಿಯೋ ಎಂಬ ತಲೆನೋವು. ಆಯಸ್ಕಾಂತ ಹಿಡಿದು ‘ಅಂಟಲಿಲ್ಲ, ಅಸಲಿ’ ಎನ್ನುವವರನ್ನು ನಂಬಬೇಡಿ. ತಾಮ್ರ–ನಿಕಲ್ ಮಿಶ್ರಣವೂ ಅಂಟುವುದಿಲ್ಲ. ನಾನು ಮಾಡುವುದು ನೀರಿನ ಪರೀಕ್ಷೆ. ಗ್ರಾಂನ ನೂರನೇ ಒಂದು ಭಾಗ ತೋರಿಸುವ ಪುಟ್ಟ ಡಿಜಿಟಲ್ ತಕ್ಕಡಿ ಸಾಕು, ಆನ್‌ಲೈನಿನಲ್ಲಿ ಕೆಲವೇ ನೂರು ರೂಪಾಯಿಗೆ ಬರುತ್ತದೆ. ಮೊದಲು ನಾಣ್ಯ ತೂಗಿ ಬರೆದುಕೊಳ್ಳುತ್ತೇನೆ. ಆಮೇಲೆ ಪ್ಲಾಸ್ಟಿಕ್ ಲೋಟಕ್ಕೆ ಅರ್ಧ ನೀರು ಹಾಕಿ ತಕ್ಕಡಿಯ ಮೇಲಿಟ್ಟು ಸೊನ್ನೆಗೆ ತರುತ್ತೇನೆ. ಹೊಲಿಗೆ ದಾರದಲ್ಲಿ ನಾಣ್ಯ ಕಟ್ಟಿ, ಪೂರ್ತಿ ಮುಳುಗುವಂತೆ, ಆದರೆ ತಳಕ್ಕೂ ಗೋಡೆಗೂ ತಾಗದಂತೆ ನೀರಿನಲ್ಲಿ ತೂಗುಬಿಡುತ್ತೇನೆ. ಅಂಚಿನ ಗೀರುಗಳಲ್ಲಿ ಗುಳ್ಳೆ ಸಿಕ್ಕಿಕೊಂಡಿದ್ದರೆ ಮೆಲ್ಲಗೆ ಅಲುಗಿಸಿ ಬಿಡಿಸಬೇಕು, ಇಲ್ಲದಿದ್ದರೆ ಲೆಕ್ಕ ತಪ್ಪುತ್ತದೆ. ತಕ್ಕಡಿ ಈಗ ತೋರಿಸುವ ಅಂಕಿ ನಾಣ್ಯ ಪಕ್ಕಕ್ಕೆ ತಳ್ಳಿದ ನೀರಿನ ತೂಕ. ನಾಣ್ಯದ ತೂಕವನ್ನು ಅದರಿಂದ ಭಾಗಿಸಿದರೆ ಸಾಂದ್ರತೆ.

ಗಾಂಧಿ ನಾಣ್ಯವಾದರೆ 15 ಗ್ರಾಂಗೆ 1.48ರ ಹತ್ತಿರ ಬರಬೇಕು, ಸಾಂದ್ರತೆ 10.1. ಅದೇ ತೂಕದ ತಾಮ್ರ–ನಿಕಲ್ ನಕಲು 1.68 ತೋರಿಸುತ್ತದೆ. ಐವತ್ತು ಭಾಗದ 35 ಗ್ರಾಂ ನಾಣ್ಯ 3.67ರ ಆಸುಪಾಸು, ನಕಲಾದರೆ 3.9 ದಾಟುತ್ತದೆ. ಕೈ ನಡುಗದಿದ್ದರೆ ಈ ವ್ಯತ್ಯಾಸ ಸ್ಪಷ್ಟವಾಗಿ ಕಾಣುತ್ತದೆ. ಕ್ಯಾಪ್ಸೂಲಿನಲ್ಲಿರುವ ಪ್ರೂಫ್ ನಾಣ್ಯಕ್ಕೆ ಮಾತ್ರ ಇದನ್ನು ಮಾಡಬೇಡಿ. ಕೈ ಬದಲಾಗಿ ಸವೆದ ನಾಣ್ಯಕ್ಕೆ ಸರಿ, ಆದ ಮೇಲೆ ಮೆತ್ತನೆ ಹತ್ತಿ ಬಟ್ಟೆಯಲ್ಲಿ ಒತ್ತಿ ಒಣಗಿಸಬೇಕು, ಉಜ್ಜಬಾರದು.

ಉಜ್ಜುವ ವಿಷಯ ಬಂದದ್ದಕ್ಕೆ ಹೇಳುತ್ತೇನೆ. ನಮ್ಮ ಮನೆಗಳಲ್ಲಿ ಬೆಳ್ಳಿ ಕಪ್ಪಾದರೆ ವಿಭೂತಿ, ಹುಣಸೆಹುಳಿ, ಹಲ್ಲುಪುಡಿ ಮೂರರಲ್ಲಿ ಒಂದು ಸಿದ್ಧ. ದೀಪಕ್ಕೆ, ಚೊಂಬಿಗೆ ಸರಿ. ನಾಣ್ಯಕ್ಕೆ ಹಾಕಿದರೆ ಸಂಗ್ರಾಹಕ ಕೊಡುವ ಹೆಚ್ಚುವರಿ ಅಲ್ಲಿಗೆ ಮುಗಿಯಿತು. ಹಳೆಯ ರೂಪಾಯಿಯ ಮೇಲೆ ಕೂತ ಆ ಬೂದು–ನೀಲಿ ಛಾಯೆಯೇ ಅದನ್ನು ಯಾರೂ ಮುಟ್ಟಿಲ್ಲ ಎನ್ನುವುದಕ್ಕೆ ಸಾಕ್ಷಿ. ಮೇಳದಲ್ಲಿ ನೂರು ವರ್ಷದ ನಾಣ್ಯ ಫಳಫಳ ಹೊಳೆಯುತ್ತಿದ್ದರೆ ನಾನು ಭೂತಗನ್ನಡಿ ತೆಗೆಯುತ್ತೇನೆ. ಒಂದೇ ದಿಕ್ಕಿಗೆ ಕೂದಲೆಳೆಯಂಥ ಗೀರುಗಳು ಕಂಡರೆ ಬೆಳ್ಳಿ ಬೆಲೆಯ ಮೇಲೆ ಪೈಸೆ ಹೆಚ್ಚು ಕೊಡುವುದಿಲ್ಲ.

ಪೂರ್ತಿ ದೂರ ಇರಬೇಕಾದವೂ ಕೆಲವಿವೆ. 1818ರ ಈಸ್ಟ್ ಇಂಡಿಯಾ ಕಂಪನಿಯ ನಾಣ್ಯ ಎಂದು ರಾಮ–ಸೀತೆ, ಹನುಮಂತನ ಚಿತ್ರವಿರುವುದನ್ನು ಲಕ್ಷಗಟ್ಟಲೆಗೆ ಮಾರಲು ಬರುತ್ತಾರೆ. ಕಂಪನಿ ಅಂಥ ನಾಣ್ಯ ಹೊರಡಿಸಿಯೇ ಇಲ್ಲ. ಇನ್ನೊಂದು, ವೈಷ್ಣೋದೇವಿ ಚಿತ್ರದ ಐದು, ಹತ್ತು ರೂಪಾಯಿಗೆ ಲಕ್ಷ ಸಿಗುತ್ತದೆ ಎಂದು ಮೊಬೈಲಿಗೆ ಬರುವ ಸಂದೇಶ. ಮೊದಲು ‘ಕಮಿಷನ್ ಕಟ್ಟಿ, ಟ್ಯಾಕ್ಸ್ ಕಟ್ಟಿ’ ಎನ್ನುತ್ತಾರೆ, ಕಟ್ಟಿದರೆ ಅಷ್ಟೇ. ತನ್ನ ಹೆಸರು ಬಳಸಿ ಹೀಗೆ ಹಳೆಯ ನೋಟು, ನಾಣ್ಯದ ವ್ಯವಹಾರದಲ್ಲಿ ಮೋಸ ಮಾಡುತ್ತಿದ್ದಾರೆಂದು ರಿಸರ್ವ್ ಬ್ಯಾಂಕೇ 2021ರ ಆಗಸ್ಟಿನಲ್ಲಿ ಎಚ್ಚರಿಸಿತ್ತು. 1939ರ ರೂಪಾಯಿ ನಿಜವಾಗಿಯೂ ಅಪರೂಪ, ಆದ್ದರಿಂದಲೇ 1938ರ ಕೊನೆಯ ಅಂಕಿಯನ್ನು ತಿದ್ದಿ 9 ಮಾಡಿದವು ಓಡಾಡುತ್ತವೆ. ಇವುಗಳ ಗೊಡವೆ ಹವ್ಯಾಸಿಗಳಿಗೆ ಬೇಡ.

ಶ್ರಾವಣ ಬಂದರೆ ನಮ್ಮ ಅತ್ತಿಗೆಯ ಪ್ರಶ್ನೆ ಬರುತ್ತದೆ. ‘ವರಮಹಾಲಕ್ಷ್ಮಿಗೆ ಬೆಳ್ಳಿ ಕಾಯಿನ್ ತಗೋಬೇಕು, ನಿನ್ ಆ ಗೌರ್ಮೆಂಟ್ ಕಾಯಿನ್ನೇ ತಗೊಳ್ಳಾ?’ ಬೇಡ ಅತ್ತಿಗೆ ಎನ್ನುತ್ತೇನೆ. ಕಳಶದ ಮುಂದಿಡಲು, ಮಗಳಿಗೆ ಕೊಡಲು, ಕಷ್ಟ ಬಂದಾಗ ಮಾರಲು ಬೇಕಾದದ್ದು ಅಂಗಡಿಯ 999 (ಸಾವಿರಕ್ಕೆ 999 ಭಾಗ ಬೆಳ್ಳಿ) ಲಕ್ಷ್ಮಿ ನಾಣ್ಯ. ಅದು ನಾಣ್ಯವಲ್ಲ, ಪದಕ. ಮುಖಬೆಲೆ ಇಲ್ಲ, ಕರಗಿಸಲು ಅಡ್ಡಿ ಇಲ್ಲ, ಯಾವ ಬೆಳ್ಳಿ ಅಂಗಡಿಯವನೂ ತೂಕ ಹಾಕಿ ತೆಗೆದುಕೊಳ್ಳುತ್ತಾನೆ. ಹಾಲ್‌ಮಾರ್ಕ್ ನೋಡಿ. 2025ರ ಸೆಪ್ಟೆಂಬರಿನಿಂದ ಬೆಳ್ಳಿಗೂ ಎಚ್‌ಯುಐಡಿ ಎಂಬ, ಪ್ರತಿ ವಸ್ತುವಿಗೂ ಬೇರೆಯಾದ ಗುರುತಿನ ಸಂಖ್ಯೆ ಬಂದಿದೆ, ಶುರುವಿನಲ್ಲಿ ಕಡ್ಡಾಯವಲ್ಲದಿದ್ದರೂ ಹಾಕಿಸಿದ್ದನ್ನೇ ಕೇಳಿ. ಮಜೂರಿ ಎಷ್ಟು, ನೀವೇ ವಾಪಸ್ ತಗೊಂಡರೆ ಎಷ್ಟು ಹಿಡಿಯುತ್ತೀರಿ ಎಂದು ಬಿಲ್ ಹಾಕಿಸುವ ಮುನ್ನ ಕೇಳಿ. ಐದು ಗ್ರಾಂನ ಪುಟಾಣಿಗಳಿಗೆ ಗ್ರಾಂ ಲೆಕ್ಕದಲ್ಲಿ ಮಜೂರಿ ಜಾಸ್ತಿ ಬೀಳುತ್ತದೆ, ಐವತ್ತು ಗ್ರಾಂನದು ಒಂದು ತಗೊಂಡರೆ ಉಳಿತಾಯ.

ಬೆಳ್ಳಿ ಎರಡು ಲಕ್ಷ ದಾಟಿದ ದಿನಗಳಲ್ಲಿ ನಾನು ಒಂದಕ್ಕಿಂತ ಹೆಚ್ಚಿದ್ದ ಗಾಂಧಿ ನಾಣ್ಯಗಳನ್ನೆಲ್ಲ ಕೊಟ್ಟೆ. ಬೆಳ್ಳಿ ಬೆಲೆಗೆ ಹತ್ತಿರದಲ್ಲೇ ಹೋದವು, ಚೌಕಾಸಿ ಹೆಚ್ಚಾಗಲಿಲ್ಲ. ಅರ್ಧ ಬೆಳ್ಳಿಯ ನೂರು ರೂಪಾಯಿಗಳಿಗೆ ಮಾತ್ರ ಡೀಲರುಗಳು ಹಳೆಯ ಬೆಲೆಯನ್ನೇ ಹಿಡಿದು ಕೂತಿದ್ದರು. ಒಳಗಿನ ಬೆಳ್ಳಿ ಏರಿದರೂ ಕೊಳ್ಳುವವರ ಜೇಬು ಏರಿರಲಿಲ್ಲ. ಅವನ್ನು ಕೊಡದೆ ವಾಪಸ್ ತಂದೆ. ಬಸವಣ್ಣನದನ್ನು ತೋರಿಸಲೂ ಇಲ್ಲ, ಅದು ಮಾರುವುದಕ್ಕೆ ಇಟ್ಟದ್ದಲ್ಲ. ರಿಸರ್ವ್ ಬ್ಯಾಂಕಿನ 40 ಗ್ರಾಂನದಕ್ಕೆ ಮೇಳದಲ್ಲಿ ಒಬ್ಬರು ಪೆಟ್ಟಿಗೆ ಸಮೇತ ಇದ್ದರೆ ಒಂದು ಬೆಲೆ, ಇಲ್ಲದಿದ್ದರೆ ಬರೀ ಬೆಳ್ಳಿ ರೇಟು ಎಂದರು. ಪೆಟ್ಟಿಗೆ ಮನೆಯಲ್ಲಿತ್ತು, ಮುಂದಿನ ಮೇಳಕ್ಕೆ ತರುತ್ತೇನೆಂದು ಹೇಳಿ ಅವರ ಕಾರ್ಡ್ ತಗೊಂಡು ಬಂದಿದ್ದೇನೆ.